ಸೊಲ್ಲಾಪುರದ ಸಿಂಪಿಗರ ಕಸುಬು: ಬಾರಾಬಂದಿಯಿಂದ ಸಮವಸ್ತ್ರದವರೆಗೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಕನ್ನಡದ ಉಪಾಧ್ಯಾಯರು ಮಾತನಾಡುವರೆಂದರೆ ವಚನಗಳ ವಿಷಯವನ್ನೋ ಗಡಿಯ ಪ್ರಶ್ನೆಯನ್ನೋ ಎತ್ತಿಕೊಳ್ಳುವರೆಂದು ತಾವೆಲ್ಲ ಎಣಿಸಿರಬಹುದು. ನಾವು ಈ ಸಲ ಅವೆರಡನ್ನೂ ಬದಿಗಿರಿಸಿ, ನಮ್ಮ ಮೈಮೇಲಿನ ಅಂಗಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ. ಸೊಲ್ಲಾಪುರದ ಚಾದರ, ಸೊಲ್ಲಾಪುರದ ಟಾವೆಲು, ಸೊಲ್ಲಾಪುರದ ಗಿರಣಿ ಇವುಗಳ ಕೀರ್ತಿ ದೇಶವನ್ನೆಲ್ಲ ಸುತ್ತಿದೆ. ನೆಯ್ದವನ ಹೆಸರು ಎಲ್ಲರಿಗೂ ಗೊತ್ತು. ನೆಯ್ದ ಬಟ್ಟೆಗೆ ಕತ್ತರಿ ಹಾಕಿ ಅದನ್ನು ಮನುಷ್ಯನ ಮೈಗೆ ಹೊಂದಿಸಿದವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಆ ಸಿಂಪಿಗನ ಕಥೆಯೇ ಇಂದಿನ ನಮ್ಮ ವಿಷಯ. ಗಂಡಸರ ಉಡುಪಿಗಷ್ಟೇ ಮಾತನ್ನು ಸೀಮಿತಗೊಳಿಸಿದ್ದೇವೆ. ಹೆಂಗಸರ ಕುಪ್ಪಸದ ಕಥೆ ಇದಕ್ಕಿಂತಲೂ ದೊಡ್ಡದು. ಅದನ್ನು ಹೇಳಲು ಸಭೆಯಲ್ಲಿರುವ ತಾಯಂದಿರೇ ಹೆಚ್ಚು ಅಧಿಕಾರಿಗಳು.

ಮೊದಲು ಹೆಸರನ್ನೇ ನೋಡೋಣ. ನಮ್ಮ ಹಳೆಯ ನಿಘಂಟುಗಳಲ್ಲಿ ‘ಚಿಪ್ಪಿಗ’ ಎಂಬ ಶಬ್ದವುಂಟು. ಬಟ್ಟೆ ಹೊಲಿಯುವವನೆಂದು ಅದರ ಅರ್ಥ. ಆಡುಮಾತಿನಲ್ಲಿ ಅದೇ ಸಿಂಪಿಗ, ಸಿಂಪಿ ಎಂದಾಗಿದೆ. ಮರಾಠಿಯ ಶಿಂಪಿಯೂ ಇದರ ಒಡಹುಟ್ಟೇ. ಇವೆಲ್ಲವುಗಳ ಬೇರನ್ನು ಬಲ್ಲವರು ‘ಶಿಲ್ಪಿ’ ಎಂಬ ಶಬ್ದಕ್ಕೆ ಒಯ್ದು ಸೇರಿಸುತ್ತಾರೆ. ಕಲ್ಲಿನಲ್ಲಿ ರೂಪ ತೆಗೆದವನೂ ಶಿಲ್ಪಿ, ಬಟ್ಟೆಯಲ್ಲಿ ರೂಪ ತೆಗೆದವನೂ ಶಿಲ್ಪಿ! ಪಾರಸಿಯಿಂದ ಬಂದ ‘ದರ್ಜಿ’, ಇಂಗ್ಲಿಷಿನಿಂದ ಬಂದ ‘ಟೇಲರ’ ಇವು ಆಮೇಲಿನ ನೆಂಟರು. ಗಡಿಯಾಚೆ ಸಮೀಪದ ಚಡಚಣದಲ್ಲಿ ೧೯೦೫ರಲ್ಲಿ ಹುಟ್ಟಿ, ಹಲಸಂಗಿಯ ಗೆಳೆಯರೊಡನೆ ಕೂಡಿ ಜನಪದ ಸಾಹಿತ್ಯಕ್ಕೆ ದುಡಿದ ಸಿಂಪಿ ಲಿಂಗಣ್ಣನವರ ಮನೆತನದ ಹೆಸರಿನಲ್ಲಿ ಈ ಹಳೆಯ ಶಬ್ದ ಇನ್ನೂ ಮೆರೆಯುತ್ತಿದೆ.

ಈ ಕಸುಬಿಗೆ ನಮ್ಮ ಸೀಮೆಯಲ್ಲಿ ಎರಡು ಕಡೆಯಿಂದ ಗೌರವ ದೊರೆತಿದೆ. ಶಿವಶರಣರ ಗೋಷ್ಠಿಯಲ್ಲಿ ಸೂಜಿಕಾಯಕದ ರಾಮಿತಂದೆಯೆಂಬ ಶರಣನಿದ್ದನು. ಸೂಜಿಯೇ ಅವನ ಹೆಸರಿನ ಮೊದಲ ಭಾಗವಾಗಿ ನಿಂತಿತು. ಇತ್ತ ನಮ್ಮ ಜಿಲ್ಲೆಯ ಪಂಢರಪುರದಲ್ಲಿ ವಿಠ್ಠಲನ ಗುಡಿಯ ಹೊಸ್ತಿಲೇರುವವರು ಮೊದಲು ನಮಸ್ಕರಿಸುವುದು ನಾಮದೇವನ ಮೆಟ್ಟಿಲಿಗೆ. ಆ ಸಂತನೂ ಶಿಂಪಿಗರ ಮನೆಯ ಮಗ. ಶಿವಶಿಂಪಿಗಳೂ ನಾಮದೇವ ಶಿಂಪಿಗಳೂ ಒಂದೇ ಪೇಟೆಯಲ್ಲಿ ಅಕ್ಕಪಕ್ಕದ ಅಂಗಡಿಗಳಲ್ಲಿ ಕುಳಿತು, ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ ಲೆಕ್ಕ ಬರೆದುಕೊಂಡು ಬಾಳಿದ ಊರು ಇದು. ಭಾಷೆಯ ಜಗಳವನ್ನು ನಾವು ಬಹಳ ಕೇಳಿದ್ದೇವೆ. ಕತ್ತರಿಯ ಅಂಗಡಿಯಲ್ಲಿ ಅದನ್ನು ಕೇಳಿದ್ದು ಕಡಿಮೆ.

ಇನ್ನು ಉಡುಪಿಗೆ ಬರೋಣ. ನಮ್ಮ ಹಿರಿಯರಲ್ಲಿ ಬಹುಮಂದಿ ಉಟ್ಟದ್ದು ಹೊಲಿಯದ ಬಟ್ಟೆಯೇ. ಧೋತರಕ್ಕೆ ಸೂಜಿ ಬೇಡ, ರುಮಾಲಿಗೆ ಬೇಡ, ಹೊದೆಯುವ ಕಂಬಳಿಗೂ ಬೇಡ. ಸಿಂಪಿಗನ ಕೈ ಬೀಳುತ್ತಿದ್ದುದು ಮೇಲಂಗಿಗೆ ಮಾತ್ರ. ಗುಂಡಿಯ ಬಳಕೆ ಹಬ್ಬುವ ಮೊದಲು ಆ ಅಂಗಿಯನ್ನು ಕಸೆಗಳಿಂದ ಕಟ್ಟುತ್ತಿದ್ದರು. ಹಳ್ಳಿಯ ಮುದುಕರ ಬಾಯಲ್ಲಿ ಅದು ಕಸಿಅಂಗಿ. ಅದರ ಒಂದು ವಿಶೇಷ ರೂಪವೇ ಬಾರಾಬಂದಿ. ಹನ್ನೆರಡು ಕಸೆಗಳಿರುವುದರಿಂದ ಆ ಹೆಸರು. ಇದರಲ್ಲಿ ಎದೆಯ ಮೇಲೆ ಒಂದು ಸೆರಗಿನ ಮೇಲೆ ಇನ್ನೊಂದು ಸೆರಗು ಬಂದು ಕೂಡುತ್ತದೆ. ಕಸೆಗಳನ್ನು ಬಿಗಿದರೆ ಅಂಗಿ ಮೈಗೆ ಅಂಟಿದಂತೆ ಕೂರಬೇಕು. ಆದರೆ ತೋಳನ್ನು ಮೇಲೆತ್ತಿದಾಗ ಕಂಕುಳಲ್ಲಿ ಹರಿಯಬಾರದು. ನೋಡುವುದಕ್ಕೆ ಸರಳ, ಹೊಲಿಯುವುದಕ್ಕೆ ಅಷ್ಟು ಸರಳವಲ್ಲ.

ಬಾರಾಬಂದಿಯನ್ನು ನಾವು ವಸ್ತುಸಂಗ್ರಹಾಲಯದಲ್ಲಿ ನೋಡಬೇಕಾಗಿಲ್ಲವೆಂಬುದು ಈ ಊರಿನ ಭಾಗ್ಯ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮೇಶ್ವರನ ಜಾತ್ರೆ ವರ್ಷಂಪ್ರತಿ ಸಂಕ್ರಾಂತಿಯ ಹೊತ್ತಿಗೆ ನೆರೆಯುವುದಷ್ಟೆ. ಏಳು ನಂದೀಧ್ವಜಗಳ ಮೆರವಣಿಗೆ ಹೊರಡುತ್ತದೆ. ಅವುಗಳನ್ನು ಹೊರುವವರೂ ಜೊತೆಗೆ ನಡೆಯುವ ಭಕ್ತರೂ ಬೆಳ್ಳನೆಯ ಬಾರಾಬಂದಿ ತೊಟ್ಟಿರುತ್ತಾರೆ. ಎತ್ತರದ ಧ್ವಜವನ್ನು ಸೊಂಟದ ಬಲದಿಂದ ಹಿಡಿದು ನಡೆಯುವವನ ತೋಳು, ಬೆನ್ನು, ಎದೆ ಮೂರೂ ದುಡಿಯುತ್ತವೆ. ಆ ಮೂರಕ್ಕೂ ಎಡೆಗೊಡುವಂತೆ ಅಂಗಿ ಕತ್ತರಿಸುವುದರಲ್ಲಿ ಸಿಂಪಿಗನ ಜಾಣ್ಮೆ ಇದೆ. ಈ ಕಾರಣದಿಂದಲೇ ಮಾರ್ಗಶಿರ ಕಳೆಯುತ್ತಲೇ ಊರಿನ ಟೇಲರರ ಅಂಗಡಿಗಳಲ್ಲಿ ಬಿಳಿಯ ಬಟ್ಟೆಯ ರಾಶಿ ಬೀಳುತ್ತದೆ. ಸೂಟು ಹೊಲಿಯುವ ಅಂಗಡಿಯೂ ಆ ಕೆಲವು ವಾರ ಎಂಟು ಶತಮಾನ ಹಿಂದಕ್ಕೆ ಹೋಗಿ ಕಸೆ ಹಚ್ಚುತ್ತ ಕೂರುತ್ತದೆ.

ಜಾತ್ರೆಯ ಕೊನೆಯ ವಿಧಿಗೆ ಇಡೀ ಊರು, ಮರಾಠಿ ಮಾತನಾಡುವವರೂ ಕೂಡ, ‘ಕಪ್ಪಡಕಳಿ’ ಎನ್ನುತ್ತಾರೆ. ನಂದೀಧ್ವಜಗಳಿಗೆ ತೊಡಿಸಿದ ವಸ್ತ್ರಗಳನ್ನು ಅಂದು ಇಳಿಸುತ್ತಾರೆ. ಮರಾಠಿಯ ಪತ್ರಿಕೆಗಳು ಈ ಶಬ್ದದ ಮುಂದೆ ‘ವಸ್ತ್ರ ವಿಸರ್ಜನ’ ಎಂದು ಅರ್ಥ ಬರೆಯಬೇಕಾಗುತ್ತದೆ. ನಮಗೆ ಅದರ ಅವಶ್ಯಕತೆಯಿಲ್ಲ. ಕಪ್ಪಡವೆಂದರೆ ಬಟ್ಟೆ, ಕಳೆಯೆಂದರೆ ತೆಗೆ. ಅಚ್ಚ ಕನ್ನಡದ ಈ ಮಾತು ಯಾವ ಸಂಘದ ನೆರವೂ ಇಲ್ಲದೆ, ಯಾವ ಠರಾವೂ ಇಲ್ಲದೆ, ಬರೀ ಬಟ್ಟೆಯ ನಂಟಿನಿಂದ ಉಳಿದುಕೊಂಡಿದೆ. ನಮ್ಮ ಶಾಲೆಯ ಮಕ್ಕಳಿಗೆ ತದ್ಭವ ಪ್ರಕರಣವನ್ನು ಹೇಳಿಕೊಡುವಾಗ ಸಂಸ್ಕೃತದ ‘ಕರ್ಪಟ’ ಕನ್ನಡದಲ್ಲಿ ‘ಕಪ್ಪಡ’ವಾದುದಕ್ಕೆ ನಾವು ಜಾತ್ರೆಯನ್ನೇ ಉದಾಹರಣೆ ಕೊಡುತ್ತೇವೆ. ಒಬ್ಬನೂ ಮರೆಯುವುದಿಲ್ಲ.

ಈ ಹಳೆಯ ಲೋಕಕ್ಕೆ ಹೊಸ ಗಿರಾಕಿಯನ್ನು ತಂದುಕೊಟ್ಟದ್ದು ರೈಲು ಮತ್ತು ಗಿರಣಿ. ೧೮೬೦ರಲ್ಲಿ ಮುಂಬಯಿಯ ಕಡೆಯಿಂದ ರೈಲು ಸೊಲ್ಲಾಪುರವನ್ನು ಮುಟ್ಟಿತು. ೧೮೭೭ರಲ್ಲಿ ಮೊದಲನೆಯ ಬಟ್ಟೆಯ ಗಿರಣಿ, ಜನರ ಬಾಯಲ್ಲಿ ‘ಜುನೀ ಮಿಲ್ಲು’ ಎನಿಸಿದುದು, ಆರಂಭವಾಯಿತು. ಅನಂತರದ ಕೆಲವು ದಶಕಗಳಲ್ಲಿ ಲಕ್ಷ್ಮಿ, ವಿಷ್ಣು, ನರಸಿಂಗ ಗಿರಜಿ ಗಿರಣಿಗಳು ಎದ್ದವು. ಅಕ್ಕಲಕೋಟೆ, ಇಂಡಿ, ಆಳಂದ ಕಡೆಯ ಕನ್ನಡ ಒಕ್ಕಲುಮಕ್ಕಳು, ತೆಲಂಗಾಣದಿಂದ ಪದ್ಮಶಾಲಿ ನೇಕಾರರು, ಸುತ್ತಲಿನ ಮರಾಠಿಗರು, ಉರ್ದು ಮಾತಿನವರು ಎಲ್ಲರೂ ಗಿರಣಿಯ ಭೋಂಗಾದ ಕೂಗಿಗೆ ಏಳುವವರಾದರು. ತಿಂಗಳಿಗೊಮ್ಮೆ ಕೈಗೆ ರೊಕ್ಕ ಬರುವ ಮನುಷ್ಯ ಈ ಸೀಮೆಗೆ ಹೊಸಬ. ಸುಗ್ಗಿಗೊಮ್ಮೆ ಅಂಗಿ ಹೊಲಿಸುತ್ತಿದ್ದವನ ಮಗ ದೀಪಾವಳಿಗೊಂದು, ಮದುವೆಗೊಂದು, ಪಗಾರ ಹೆಚ್ಚಾದಾಗ ಇನ್ನೊಂದು ಹೊಲಿಸತೊಡಗಿದನು. ಗಿರಣಿಯ ಯಂತ್ರದ ನಡುವೆ ಸಡಿಲ ತೋಳಿನ ಅಂಗಿ ಅಪಾಯಕರವೆಂಬುದನ್ನೂ ಹೇಳಬೇಕು. ಬಿಗಿ ತೋಳು, ಗುಂಡಿಯ ಕಫ್ಫು, ಗಿಡ್ಡ ಅಂಗಿ ಇವು ಶೋಕಿಗಾಗಿ ಅಷ್ಟೇ ಬಂದವುಗಳಲ್ಲ.

ಅದೇ ಕಾಲದಲ್ಲಿ ಹೊಲಿಗೆಯ ಯಂತ್ರವೂ ಬಂದಿತು. ಅಮೆರಿಕೆಯಲ್ಲಿ ೧೮೫೧ರಲ್ಲಿ ಸನ್ನದು ಪಡೆದ ಸಿಂಗರನ ಯಂತ್ರ ಹಿಂದುಸ್ಥಾನದ ಪೇಟೆಗಳಿಗೆ ಆ ಶತಮಾನದಲ್ಲಿಯೇ ಇಳಿದಿತ್ತು. ೧೯೩೦ರ ದಶಕದಲ್ಲಿ ಕಲಕತ್ತೆಯಲ್ಲಿ ತಯಾರಾದ ‘ಉಷಾ’ ಬಂದಮೇಲೆ ಬಡ ಸಿಂಪಿಗನ ಮನೆಗೂ ಯಂತ್ರ ದೊರೆಯುವಂತಾಯಿತು. ಕೈಹೊಲಿಗೆಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ಉದ್ದ ಹೊಲಿಗೆಗಳನ್ನು ಯಂತ್ರ ಕ್ಷಣದಲ್ಲಿ ಮುಗಿಸಿತು. ಕಾಜಾ, ತುರುಪು, ಗುಂಡಿ ಹಚ್ಚುವುದು ಮಾತ್ರ ಬಹುಕಾಲ ಕೈಗೇ ಉಳಿದವು. ಖಂಡೇನವಮಿಯ ದಿನ ಯಂತ್ರಕ್ಕೆ ವಿಭೂತಿ ಕುಂಕುಮ ಹಚ್ಚಿ, ಕತ್ತರಿಯನ್ನೂ ಗಜಕಡ್ಡಿಯನ್ನೂ ಅದರ ಮುಂದಿಟ್ಟು ಪೂಜಿಸುವ ಪದ್ಧತಿ ಬೆಳೆಯಿತು. ಅಂದು ಯಾರು ಎಷ್ಟು ಅವಸರ ಮಾಡಿದರೂ ಯಂತ್ರ ತುಳಿಯುವುದಿಲ್ಲ.

೧೯೩೦ರ ಮೇ ತಿಂಗಳು ಈ ಊರಿನ ಇತಿಹಾಸದಲ್ಲಿ ಎಲ್ಲರೂ ಬಲ್ಲ ಪ್ರಕರಣ. ಮಹಾತ್ಮರ ಬಂಧನದ ಸುದ್ದಿಗೆ ಗಿರಣಿಗಳು ನಿಂತವು. ಗೋಳೀಬಾರಾಯಿತು. ಮೇ ೧೨ರಿಂದ ಜೂನ್ ಕೊನೆಯವರೆಗೆ ಊರು ಲಷ್ಕರೀ ಕಾಯಿದೆಯ ಕೆಳಗಿದ್ದಿತು. ಮುಂದೆ ೧೯೩೧ರ ಜನವರಿ ೧೨ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ ಈ ನಾಲ್ವರು ಯೆರವಡೆಯಲ್ಲಿ ಗಲ್ಲಿಗೇರಿದರು. ನಮ್ಮ ವಿಷಯಕ್ಕೆ ಇದರಲ್ಲಿ ಸಂಬಂಧವೇನೆಂದರೆ ಗಾಂಧಿ ಟೊಪ್ಪಿಗೆ. ಲಷ್ಕರೀ ಕಾಯಿದೆಯ ಆ ವಾರಗಳಲ್ಲಿ ಆ ಟೊಪ್ಪಿಗೆಯ ಮೇಲೆಯೇ ಅಧಿಕಾರಿಗಳ ಕಣ್ಣು ಬಿದ್ದಿತ್ತು. ತಲೆಯ ಮೇಲಿನದನ್ನು ತೆಗೆಯಿಸುತ್ತಿದ್ದರು. ಎರಡು ಪಟ್ಟಿ, ನೆತ್ತಿಗೊಂದು ತುಂಡು, ಮಡಚಿದರೆ ಅಂಗೈಯಗಲ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನಿಗೂ ಬರುವ ಹೊಲಿಗೆ ಅದು. ಸೂಜಿಯ ಕೆಲಸಗಳಲ್ಲೆಲ್ಲ ಅತ್ಯಂತ ಸುಲಭವಾದುದನ್ನು ಸಾಮ್ರಾಜ್ಯವೊಂದು ಅಪರಾಧವೆಂದು ಎಣಿಸಿತೆಂಬುದನ್ನು ಸಿಂಪಿಗರು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಅಂಗಡಿಯೊಳಗಿನ ವ್ಯವಸ್ಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಏಕೆಂದರೆ ಮರೆಯಾಗುತ್ತಿರುವುದು ಅದೇ. ಈ ಕಡೆಯಲ್ಲಿ ಶಾಲೆಯ ಉಪಾಧ್ಯಾಯನಿಗೂ ‘ಮಾಸ್ತರ’, ಬಟ್ಟೆ ಕತ್ತರಿಸುವವನಿಗೂ ‘ಮಾಸ್ತರ’. ಪೇಟೆಯಲ್ಲಿ ಯಾರಾದರೂ “ಮಾಸ್ತರ” ಎಂದು ಕೂಗಿದರೆ ನಾವೂ ತಿರುಗುತ್ತೇವೆ, ಎದುರಿನ ಅಂಗಡಿಯವರೂ ತಲೆಯೆತ್ತುತ್ತಾರೆ. ಬಹುಸಲ ಕರೆದದ್ದು ಅವರನ್ನೇ! ಇಬ್ಬರಿಗೂ ಒಂದೇ ಹೆಸರಿಟ್ಟ ಜನ ಅರಿಯದೆ ಇಟ್ಟವರಲ್ಲ. ಅಂಗಡಿಯೂ ಒಂದು ಶಾಲೆಯೇ ಆಗಿದ್ದಿತು. ಹತ್ತು ಹನ್ನೆರಡು ವಯಸ್ಸಿನ ಹುಡುಗ ಬಂದರೆ ಮೊದಲು ಕಸ ಹೊಡೆಯುವುದು, ಇಸ್ತ್ರಿಗೆ ಇದ್ದಲಿ ಹಾಕುವುದು. ಆಮೇಲೆ ಗುಂಡಿ, ಕಾಜಾ, ತುರುಪು. ಆಮೇಲೆ ಯಂತ್ರದ ಮೇಲೆ ಹಾಳು ಬಟ್ಟೆಯಲ್ಲಿ ನೆಟ್ಟಗೆ ಹೊಲಿಯುವ ಅಭ್ಯಾಸ. ಚಣ್ಣ, ಪಾಯಿಜಾಮ, ನೆಹರೂ ಶರ್ಟು, ಕಾಲರಿನ ಶರ್ಟು, ಪ್ಯಾಂಟು ಹೀಗೆ ಒಂದೊಂದೇ ಇಯತ್ತೆ ಏರಿ ಕೋಟಿನವರೆಗೆ ಬರಲು ವರ್ಷಗಳು ಹಿಡಿಯುತ್ತಿದ್ದವು. ಕತ್ತರಿ ಕೈಗೆ ಕೊಡುತ್ತಿದ್ದುದು ಎಲ್ಲಕ್ಕೂ ಕೊನೆಗೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲಾಗದು. ಗಿರಾಕಿಯ ಬಟ್ಟೆ ಕೆಟ್ಟರೆ ತುಂಬಿಕೊಡಬೇಕಾದವನು ಮಾಸ್ತರ. ಎಳೆಯರನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುತ್ತಿದ್ದ ಆ ಕ್ರಮವನ್ನು ನಾವು ಹೊಗಳುತ್ತಿಲ್ಲ. ಕಾನೂನು ಅದನ್ನು ತಡೆದದ್ದು ಸರಿಯಾದದ್ದೇ. ಆದರೆ ಕಾಜಾದಿಂದ ಕತ್ತರಿಯವರೆಗೆ ಒಂದು ದಾರಿಯಿದ್ದಿತೆಂಬುದೂ, ಆ ದಾರಿಯಲ್ಲಿ ನಡೆದವನು ಒಂದು ದಿನ ತನ್ನ ಫಲಕದ ಕೆಳಗೆ ತಾನೇ ಕೂರಬಹುದಾಗಿದ್ದಿತೆಂಬುದೂ ನಿಜವೇ.

ಅಳತೆ ತೆಗೆಯುವುದೇ ಒಂದು ನೋಟ. ಮಾಸ್ತರರು ಪಟ್ಟಿ ಹಿಡಿದು ಉದ್ದ, ಎದೆ, ಭುಜ, ತೋಳು, ಕೊರಳು ಎಂದು ಒಂದೊಂದೇ ಅಂಕೆ ಕೂಗುತ್ತಾರೆ. ಬದಿಯಲ್ಲಿದ್ದವನು ಅಳತೆಯ ಪುಸ್ತಕದಲ್ಲಿ ಬರೆದು, ಬಟ್ಟೆಯ ಮೂಲೆಯಿಂದ ಒಂದು ಚೂರು ಕತ್ತರಿಸಿ ಆ ಪುಟಕ್ಕೆ ಚುಚ್ಚುತ್ತಾನೆ. ಗೂನು ಬೆನ್ನು, ತಗ್ಗಿದ ಬಲಭುಜ ಮುಂತಾದ ಗುಟ್ಟುಗಳನ್ನು ಬಾಯಿಬಿಟ್ಟು ಹೇಳದೆ ಅಂಕೆಯ ಬದಿಯಲ್ಲಿ ಒಂದು ಗೆರೆ ಎಳೆದು ತಿಳಿಸುವುದುಂಟು. ದೇಶದಲ್ಲಿ ಮಾಪನ ಬದಲಾಗಿ ೧೯೬೦ರ ದಶಕದಲ್ಲಿ ಗಜ ಹೋಗಿ ಮೀಟರು ಬಂದಿತು. ಬಟ್ಟೆಯ ಅಂಗಡಿಯವನು ಮೀಟರಿನಿಂದ ಅಳೆದು ಕೊಟ್ಟದ್ದನ್ನು ಸಿಂಪಿಗ ಇಂಚಿನಿಂದಲೇ ಕತ್ತರಿಸಿದನು, ಈಗಲೂ ಕತ್ತರಿಸುತ್ತಾನೆ. ಆ ಇಂಚುಗಳನ್ನು ಯಾವ ಭಾಷೆಯಲ್ಲಿ ಕೂಗುತ್ತಾರೆಂಬುದನ್ನು ನಾವು ಕುತೂಹಲದಿಂದ ಕೇಳಿದ್ದೇವೆ. ಗಿರಾಕಿ ಕನ್ನಡಿಗನಾದರೆ “ಹದಿನಾಲ್ಕೂವರಿ”, ಮರಾಠಿಗನಾದರೆ “ಸಾಡೇಚೌದಾ”. ಒಬ್ಬನೇ ಮಾಸ್ತರ, ಅದೇ ಪಟ್ಟಿ, ಅದೇ ಕೊರಳಿನ ಅಳತೆ.

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮೊದಲು ತಾಯಿ ಮಗನನ್ನು ಕರೆದುಕೊಂಡು ಬಂದಾಗ ನಡೆಯುವ ಮಾತು ತಮಗೆಲ್ಲ ಗೊತ್ತಿದ್ದದ್ದೇ. “ಮಾಸ್ತರ, ಹುಡುಗ ಬೆಳಿಯೂ ವಯಸ್ಸೈತ್ರಿ. ಎರಡ ಬಟ್ಟ ಹೆಚ್ಚಿಗಿ ಇಡ್ರಿ.” “ಒಳಗ ಮಡಚಿ ಇಟ್ಟಿರ್ತೀನಿ ತಗೋರಿ ಅಕ್ಕಾ, ಮುಂದಿನ ವರ್ಷ ಬಿಚ್ಚಿ ಕೊಡ್ತೀನಿ.” ಚಣ್ಣದ ಅಂಚಿನಲ್ಲಿ, ಸೊಂಟದ ಹಿಂಬದಿಯ ಹೊಲಿಗೆಯಲ್ಲಿ ಹೀಗೆ ಬಿಟ್ಟ ಬಟ್ಟೆಯಿಂದ ಒಂದೇ ಚಣ್ಣ ಎರಡು ವರ್ಷ, ತಮ್ಮನಿದ್ದರೆ ನಾಲ್ಕು ವರ್ಷ ಬಾಳಿತು. ಬಿಚ್ಚಿದ ಮಡಿಕೆಯ ಭಾಗ ಮಾಸದೆ ಗಾಢ ಬಣ್ಣದ ಪಟ್ಟಿಯಾಗಿ ಕಾಣುತ್ತಿತ್ತು. ಆ ಪಟ್ಟಿಯನ್ನು ನೋಡಿ ಹುಡುಗ ಆ ವರ್ಷ ಎಷ್ಟು ಬೆಳೆದನೆಂದು ಹೇಳಬಹುದಾಗಿದ್ದಿತು. ಗಿರಣಿ ಕಾಮಗಾರನ ಸಂಸಾರದ ಆರ್ಥಿಕ ಶಾಸ್ತ್ರವೆಲ್ಲ ಆ ಎರಡು ಬಟ್ಟಿನೊಳಗೆ ಅಡಗಿದ್ದಿತು.

ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇವೆ. ಎರಡನೆಯ ಮಹಾಯುದ್ಧದ ಕಾಲಕ್ಕೆ, ೧೯೪೩ರಲ್ಲಿ ಬಟ್ಟೆಯ ಮೇಲೆ ಸರಕಾರದ ನಿಯಂತ್ರಣ ಬಂದು, ತುಂಡು ಬಟ್ಟೆಯನ್ನೂ ಕೂಡಿಸಿ ಹೊಲಿಯುವ ಜಾಣ್ಮೆ ಬೆಳೆಯಿತು. ೧೯೬೦ರ ದಶಕದಲ್ಲಿ ಟೆರಿಲಿನ್, ಆಮೇಲೆ ಟೆರಿಕಾಟ್ ಬಂದವು. ಇಸ್ತ್ರಿಯ ಮಡಿಕೆ ನಿಲ್ಲುವ ಪ್ಯಾಂಟು ಮದುವೆಯ ಗಂಡಿನ ಹಕ್ಕಾಯಿತು. ೧೯೭೦ರ ದಶಕದಲ್ಲಿ ಕಾಲಿನ ಬುಡದಲ್ಲಿ ಗಂಟೆಯಂತೆ ಅಗಲಿಸಿದ ಬೆಲ್‌ಬಾಟಮ್ಮು ಬಂದು ಹಿರಿಯರ ಬೈಗಳನ್ನು ತಿಂದು ಹೋಯಿತು. ಆ ಎರಡು ದಶಕಗಳೇ ನಮ್ಮ ಊರಿನ ಟೇಲರರ ಸುಗ್ಗಿಯ ಕಾಲ. ದೀಪಾವಳಿಯ ಹಿಂದಿನ ರಾತ್ರಿ ಅಂಗಡಿಗಳ ದೀಪ ಆರುತ್ತಿರಲಿಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಡುವುದಂತೂ ಆಗಲೂ ಇರಲಿಲ್ಲ.

ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಭೋಂಗಾ ನಿಂತಿತು, ಪಗಾರ ನಿಂತಿತು. ಇದೇ ಹೊತ್ತಿಗೆ ಸಿದ್ಧ ಉಡುಪಿನ ವ್ಯಾಪಾರ ಎಲ್ಲೆಡೆಗೂ ಹಬ್ಬಿತು. ಸೊಲ್ಲಾಪುರದವರು ಇದಕ್ಕೆ ಅಳುತ್ತ ಕೂರಲಿಲ್ಲವೆಂಬುದನ್ನು ಮೆಚ್ಚಿ ಹೇಳಬೇಕು. ಹೊಲಿಗೆ ಬಲ್ಲ ಕೈಗಳು ಊರಿನಲ್ಲಿ ಇದ್ದೇ ಇದ್ದವು. ಶಾಲೆಯ ಸಮವಸ್ತ್ರವನ್ನು ಸಗಟಾಗಿ ಹೊಲಿದು ಹೊರನಾಡುಗಳಿಗೆ ಕಳಿಸುವ ಉದ್ಯಮ ಬೆಳೆಯಿತು. ೨೦೧೭ರಲ್ಲಿ ಇಲ್ಲಿಯ ಸಿದ್ಧ ಉಡುಪಿನ ಉತ್ಪಾದಕರು ಕೂಡಿ ಸಮವಸ್ತ್ರಗಳದೇ ಒಂದು ದೊಡ್ಡ ಪ್ರದರ್ಶನವನ್ನು ಈ ಊರಿನಲ್ಲಿ ನಡೆಸಿದರು. ಕಾಜಾ, ಗುಂಡಿ, ದಾರ ಕತ್ತರಿಸುವ ಕೆಲಸ ಮನೆಮನೆಯ ಹೆಂಗಸರ ಕೈಗೆ ಬಂದಿತು. ಬೀಡಿ ಸುತ್ತುವುದಕ್ಕಿಂತ ಇದು ಮೇಲೆಂದು ಅನೇಕರು ತಿಳಿದರು. ೨೦೨೦ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಸಮವಸ್ತ್ರ ಕೇಳುವವರೇ ಇಲ್ಲದೆ ಈ ಮನೆಗಳ ಒಲೆಗೆ ಪೆಟ್ಟು ಬಿದ್ದುದನ್ನು ನಾವು ಮರೆತಿಲ್ಲ.

ಸಿದ್ಧ ಉಡುಪನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅಗ್ಗವಾದ ಅಂಗಿಯಿಂದ ಬಡವನ ಮಗನೂ ಹರಿಯದ ಬಟ್ಟೆ ತೊಟ್ಟು ಶಾಲೆಗೆ ಬರುವಂತಾಯಿತು. ಇದಕ್ಕಿಂತ ಹೆಚ್ಚಿನದು ಉಪಾಧ್ಯಾಯರಾದ ನಮಗೆ ಬೇಡ. ಆದರೆ ಕಾರಖಾನೆಯಲ್ಲಿ ಹತ್ತಾರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಬ್ಬನೇ ವಿದ್ಯುತ್ತಿನ ಕತ್ತರಿಯಿಂದ ಕೊಯ್ಯುತ್ತಾನೆ. ಉಳಿದವರಲ್ಲಿ ಒಬ್ಬ ಕಾಲರು, ಒಬ್ಬ ತೋಳು, ಒಬ್ಬ ಕಿಸೆ ಹೊಲಿಯುತ್ತಾನೆ. ಇಪ್ಪತ್ತು ವರ್ಷ ಕಿಸೆ ಹೊಲಿದವನಿಗೆ ಒಂದು ಅಂಗಿ ಕತ್ತರಿಸಲು ಬರುವುದಿಲ್ಲ. ಅವನನ್ನು ಯಾರೂ ಮಾಸ್ತರ ಎನ್ನುವುದೂ ಇಲ್ಲ. ಕಾಜಾದಿಂದ ಕತ್ತರಿಗೆ ಹೋಗುತ್ತಿದ್ದ ದಾರಿ ನಡುವೆ ಕಡಿದಿದೆ. ಬಟ್ಟೆ ಉಳಿಸಬೇಕಾದ್ದರಿಂದ ಕಾರಖಾನೆಯವನು ಒಳಗೆ ಎರಡು ಬಟ್ಟು ಬಿಡುವುದೂ ಇಲ್ಲ. ಹುಡುಗ ಬೆಳೆದರೆ ಹೊಸದನ್ನೇ ಕೊಳ್ಳಬೇಕು.

ದೂರದಿಂದ ಅಳತೆ ಹಿಡಿದರೆ ಏನಾಗುವುದೆಂಬುದಕ್ಕೆ ಈಚಿನ ಒಂದು ನಿದರ್ಶನವುಂಟು. ೨೦೨೪-೨೫ರ ಶಾಲಾ ವರ್ಷದಲ್ಲಿ ಮಹಾರಾಷ್ಟ್ರ ಸರಕಾರವು ‘ಒಂದು ರಾಜ್ಯ, ಒಂದು ಸಮವಸ್ತ್ರ’ ಎಂಬ ಯೋಜನೆಯನ್ನು ತಂದು, ಬಟ್ಟೆಯನ್ನು ಒಂದೆಡೆಯಿಂದ ಕೊಂಡು, ಸ್ತ್ರೀಯರ ಸ್ವಸಹಾಯ ಗುಂಪುಗಳಿಂದ ಹೊಲಿಸುವ ಏರ್ಪಾಡು ಮಾಡಿತು. ಉದ್ದೇಶ ಒಳ್ಳೆಯದೇ ಇದ್ದಿತು. ಆದರೆ ಅಂಗಿ ತಡವಾಗಿ ಬಂದಿತೆಂದೂ, ಬಂದುದು ಮಕ್ಕಳ ಮೈಗೆ ಸರಿಹೊಂದಲಿಲ್ಲವೆಂದೂ ರಾಜ್ಯದ ಹಲವೆಡೆಗಳಿಂದ ದೂರುಗಳೆದ್ದವು. ೨೦೨೪ರ ಡಿಸೆಂಬರಿನಲ್ಲಿ ಸರಕಾರವೇ ಆ ಕ್ರಮವನ್ನು ಕೈಬಿಟ್ಟು ಸಮವಸ್ತ್ರದ ಹೊಣೆಯನ್ನು ಶಾಲಾ ವ್ಯವಸ್ಥಾಪನ ಸಮಿತಿಗಳಿಗೆ ಮರಳಿ ಕೊಟ್ಟಿತು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಸಮಿತಿಗಳಲ್ಲಿ ಈ ಸಭೆಯವರೇ ಅನೇಕರಿರಬಹುದು. ಅವರಿಗೆ ನಮ್ಮದೊಂದು ಬಿನ್ನಹ. ಸಮವಸ್ತ್ರ ಹೊಲಿಸುವಾಗ ಊರಿನ ಸಿಂಪಿಗನನ್ನು ಶಾಲೆಗೇ ಕರೆಯಿಸಿರಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಳತೆ ಹಿಡಿಸಿರಿ. ಒಳಗೆ ಎರಡು ಬಟ್ಟು ಬಿಡಲು ಹೇಳಿರಿ. ದರದಲ್ಲಿ ಕೆಲವು ರೂಪಾಯಿ ಹೆಚ್ಚಾದೀತು. ಅಷ್ಟನ್ನು ಎರಡನೆಯ ವರ್ಷ ಆ ಮಡಿಕೆಯೇ ತುಂಬಿಕೊಡುತ್ತದೆ.

ಇನ್ನೊಂದು ಬಿನ್ನಹ ಸಂಘದ ಪದಾಧಿಕಾರಿಗಳಿಗೆ. ಮುಚ್ಚಿದ ಅಂಗಡಿಗಳ ಅಳತೆಯ ಪುಸ್ತಕಗಳು ರದ್ದಿಯ ತಕ್ಕಡಿಗೆ ಹೋಗುತ್ತಿವೆ. ಗಿರಾಕಿಯ ಹೆಸರು, ಊರು, ಎದೆಯ ಅಳತೆ, ಚುಚ್ಚಿದ ಬಟ್ಟೆಯ ಚೂರು, ಕೂಲಿಯ ಲೆಕ್ಕ ಇವೆಲ್ಲ ಕೆಲವದರಲ್ಲಿ ಕನ್ನಡದಲ್ಲಿಯೇ ಬರೆದಿರುತ್ತವೆ. ಗಿರಣಿಯಲ್ಲಿ ದುಡಿದ ನಮ್ಮ ಅಜ್ಜಂದಿರ ಭಾವಚಿತ್ರಗಳು ಬಹುತೇಕ ಮನೆಗಳಲ್ಲಿಲ್ಲ, ಆದರೆ ಅವರ ಭುಜ ಎಷ್ಟಿತ್ತು, ತೋಳು ಎಷ್ಟಿತ್ತು ಎಂಬುದು ಆ ಪುಟಗಳಲ್ಲಿ ಇದ್ದೀತು. ಸಂಘದ ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಇದಕ್ಕಾಗಿ ತೆರವು ಮಾಡಬೇಕು. ಬಾರಾಬಂದಿ ಕತ್ತರಿಸಲು ಬಲ್ಲ ಹಿರಿಯ ಮಾಸ್ತರರನ್ನು ಜಾತ್ರೆಗೆ ಮುಂಚಿನ ಒಂದು ರವಿವಾರ ಇಲ್ಲಿಗೇ ಕರೆಯಿಸಿ, ಕಲಿಯಲು ಮನಸ್ಸಿದ್ದ ಹುಡುಗರ, ಹುಡುಗಿಯರ ಎದುರಿಗೆ ಬಟ್ಟೆ ಹಾಸಿ ಕತ್ತರಿಸಿ ತೋರಿಸುವಂತೆ ಕೇಳಿಕೊಳ್ಳಬೇಕು. ಅದಕ್ಕೆ ಬೇಕಾದ ಬಿಳಿಯ ಬಟ್ಟೆಯನ್ನು ಒದಗಿಸುವ ಹೊಣೆಯನ್ನು ನಮ್ಮ ಶಾಲೆಯ ಉಪಾಧ್ಯಾಯ ವರ್ಗದವರು ವಹಿಸಿಕೊಳ್ಳುತ್ತೇವೆ. ದಿನವನ್ನು ಅಧ್ಯಕ್ಷರು ಗೊತ್ತುಪಡಿಸಬೇಕೆಂದು ಕೋರುತ್ತೇವೆ.